ಜೂನ್ ದಾಟಿಸುವ ಉಡುಗೊರೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದು ಮೇ ತಿಂಗಳಲ್ಲಿ. 2024ರಲ್ಲಿ ಮೇ 9ಕ್ಕೆ ಬಂತು, 2025ರಲ್ಲಿ ಮೇ 2ಕ್ಕೆ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಸುತ್ತಿನ ಹೊಲಗಳಲ್ಲಿ ಅದು ಹೊಗೆಸೊಪ್ಪು ನಾಟಿಯ ಕಾಲ. ಮನೆಯಲ್ಲಿದ್ದ ಕಾಸು ಉಳುಮೆಗೆ, ಗೊಬ್ಬರಕ್ಕೆ, ಆಳುಕಾಳಿಗೆ ಹೋಗಿರುತ್ತದೆ. ಆ ಸಸಿ ಬೆಳೆದು, ಎಲೆ ಮುರಿದು, ಬ್ಯಾರನ್ನಿನಲ್ಲಿ ಹದವಾಗಿ, ಬೇಲುಗಳಾಗಿ, ಊರಿನಲ್ಲೇ ಇರುವ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಸೇರಿ ಹಣವಾಗಿ ಬರಬೇಕಾದರೆ ಸೆಪ್ಟೆಂಬರೋ ಅಕ್ಟೋಬರೋ ಆಗಬೇಕು. ಕಾಲೇಜಿನವರು ಅಲ್ಲಿಯವರೆಗೆ ಕಾಯುವುದಿಲ್ಲ. ಜೂನ್ ಮೊದಲ ವಾರಕ್ಕೆ ಪಿಯು ತರಗತಿ ಶುರು. ಅಷ್ಟರೊಳಗೆ ಶುಲ್ಕ ಕಟ್ಟಿರಬೇಕು, ಪುಸ್ತಕ ತಂದಿರಬೇಕು, ದಿನಾ ಬಸ್ಸು ಹತ್ತುವ ಏರ್ಪಾಡು ಆಗಿರಬೇಕು.

ಲಕ್ಷ್ಮಣತೀರ್ಥದ ಅಣೆಕಟ್ಟೆಯ ಕೆಳಗೆ ನಾಲೆ ನೀರು ಹರಿಯುವ ಗದ್ದೆಯವರಿಗೂ ಇದೇ ಕಥೆ. ಕೆ.ಆರ್. ನಗರದ ಬಯಲಿನಲ್ಲಿ ಭತ್ತದ ಕೊಯ್ಲು ವರ್ಷದ ಕೊನೆಗೆ. ಎಚ್.ಡಿ. ಕೋಟೆಯ ಹತ್ತಿ, ಪಿರಿಯಾಪಟ್ಟಣದ ಶುಂಠಿ ಇವೂ ಜೂನ್ ಮೊದಲ ವಾರದಲ್ಲಿ ಕೈಗೆ ಕಾಸು ತರುವ ಬೆಳೆಗಳಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಹೈಸ್ಕೂಲು ಮುಗಿಸಿದ ಮಗುವಿಗೆ ಏನು ಕೊಟ್ಟರೆ ನಿಜಕ್ಕೂ ಉಪಯೋಗವಾದೀತು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಮೇ ತಿಂಗಳ ಫಲಿತಾಂಶದಿಂದ ಹರಾಜಿನ ದುಡ್ಡು ಬರುವವರೆಗಿನ ದಿನಗಳನ್ನು ದಾಟಿಸುವಂಥದ್ದು ಕೊಡಿ. ಮೊತ್ತ ಸಣ್ಣದಾದರೂ ಚಿಂತೆಯಿಲ್ಲ, ಜೂನ್ ಒಳಗೆ ತಲುಪಲಿ.

ನಮ್ಮಲ್ಲಿ ಉಡುಗೊರೆ ತಲುಪುವುದು ಸಾಮಾನ್ಯವಾಗಿ ತಡವಾಗಿ. ಒಂದೊಂದು ಸಮುದಾಯದ ಸಂಘವೂ ಪ್ರತಿಭಾ ಪುರಸ್ಕಾರ ಮಾಡುತ್ತದೆ. ಒಳ್ಳೆಯ ಕೆಲಸವೇ. ಓದಿದ ಮಗುವನ್ನು ವೇದಿಕೆಗೆ ಕರೆದು ನಾಲ್ಕು ಜನರ ಎದುರು ಹೆಸರು ಹೇಳಿದರೆ ಅಪ್ಪ ಅಮ್ಮನ ಕಣ್ಣು ತುಂಬುತ್ತದೆ, ಆ ಹೆಮ್ಮೆಗೆ ಬೆಲೆ ಕಟ್ಟಲಾಗದು. ಆದರೆ ಸಭಾಭವನ ಸಿಗುವ ದಿನ, ಸ್ವಾಮೀಜಿಯವರು ಒಪ್ಪುವ ದಿನ, ಶಾಸಕರು ಬಿಡುವಾಗುವ ದಿನ ಎಲ್ಲ ಕೂಡಿ ಬರುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿರುತ್ತದೆ. ಶಾಲು, ಹಾರ, ಗಾಜಿನ ಚೌಕಟ್ಟಿನ ನೆನಪಿನ ಕಾಣಿಕೆ, ಕವರಿನಲ್ಲಿ ಒಂದಿಷ್ಟು ನಗದು. ಆ ಕವರು ಎರಡು ತಿಂಗಳು ಮೊದಲೇ ಬಂದಿದ್ದರೆ ಎಂದು ಮನೆಯವರು ಬಾಯಿಬಿಟ್ಟು ಹೇಳುವುದಿಲ್ಲ. ಶಾಲು ಹೊದಿಸುವ ಸಭೆ ಯಾವಾಗ ಬೇಕಾದರೂ ನಡೆಯಲಿ, ಕವರನ್ನು ಮಾತ್ರ ಅಂಕಪಟ್ಟಿ ನೋಡಿದ ವಾರದಲ್ಲೇ ಮನೆಗೆ ಮುಟ್ಟಿಸಬಹುದು. ಸಂಘದ ಪದಾಧಿಕಾರಿಗಳು ಮನಸ್ಸು ಮಾಡಿದರೆ ಇದಕ್ಕೆ ಹೆಚ್ಚು ಖರ್ಚೇನೂ ಆಗದು.

ಇನ್ನೊಂದು ಮಾತೂ ಇದೆ. ಪುರಸ್ಕಾರದ ಪಟ್ಟಿಗೆ ಸೇರಬೇಕಾದರೆ ನೂರಕ್ಕೆ ಎಂಬತ್ತೈದೋ ತೊಂಬತ್ತೋ ಬಂದಿರಬೇಕು. ಐವತ್ತೆರಡು ತೆಗೆದ ಹುಡುಗನನ್ನು ಯಾರೂ ಕರೆಯುವುದಿಲ್ಲ. ಓದು ಬಿಡುವ ಅಪಾಯ ಹೆಚ್ಚಿರುವುದು ಅವನಿಗೇ. ತೊಂಬತ್ತು ತೆಗೆದವಳಿಗೆ ಮೇಷ್ಟ್ರು, ಸಂಘ, ಖಾಸಗಿ ಕಾಲೇಜು ಎಲ್ಲರೂ ದಾರಿ ತೋರಿಸುತ್ತಾರೆ. ಸುಮಾರಾಗಿ ಪಾಸಾದವನಿಗೆ ಮನೆಯ ಹೊಲ ಕಾಯುತ್ತಿರುತ್ತದೆ, ಇಲ್ಲವೇ ಬೆಂಗಳೂರಿನ ಗಾರೆ ಕೆಲಸ. ಉಡುಗೊರೆ ಕೊಡುವ ಮನಸ್ಸಿದ್ದವರು ಮೊದಲು ಈ ಹುಡುಗನ ಮನೆಗೆ ಹೋಗಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಏನು ಕೊಡಬೇಕೆಂಬುದಕ್ಕೆ ಹಿಂದೆ ಒಂದು ಸರಳ ಉತ್ತರವಿತ್ತು: ಪಾಸಾದರೆ ವಾಚು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದ ಮೇಲೆ ಎರಡು ತಲೆಮಾರಿನ ಹಳ್ಳಿ ಹುಡುಗರ ಮಣಿಕಟ್ಟಿಗೆ ಮೊದಲ ವಾಚು ಬಂದದ್ದು ಹತ್ತನೇ ತರಗತಿ ಮುಗಿದಾಗಲೇ. ಸೋದರಮಾವ ಕೊಟ್ಟ ‘ಜನತಾ’ವನ್ನೋ ‘ಪೈಲಟ್’ ಅನ್ನೋ ಕೀಲಿ ಕೊಟ್ಟುಕೊಂಡು ಮೂವತ್ತು ವರ್ಷ ನಡೆಸಿದವರು ಈಗಲೂ ಇದ್ದಾರೆ. ಅದು ಚಂದಕ್ಕೆ ಕೊಟ್ಟದ್ದಲ್ಲ. ಊರಲ್ಲಿ ಗಡಿಯಾರ ಕಡಿಮೆ, ಬಸ್ಸು ಎರಡೇ, ಪರೀಕ್ಷೆಗೆ ಹೊತ್ತು ತಿಳಿಯಬೇಕು. ಆ ಕಾಲದ ಅಗತ್ಯಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು. 2016ರಲ್ಲಿ ಎಚ್‌ಎಂಟಿ ವಾಚು ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಈಗ ಹೊತ್ತು ನೋಡಲು ಮೊಬೈಲ್ ಇದೆ. ಪಿಯು ಮುಗಿಸಿ ಸಿಇಟಿಗೋ ನೀಟ್‌ಗೋ ಕೂರುವ ಮಕ್ಕಳು ವಾಚು ಕಟ್ಟಿಕೊಂಡು ಕೋಣೆಯೊಳಗೆ ಹೋಗುವಂತೆಯೇ ಇಲ್ಲ. ಅಂದಿನ ಮಾವಂದಿರು ಅಂದಿನ ಅಗತ್ಯ ನೋಡಿದರು, ನಾವು ಇಂದಿನದನ್ನು ನೋಡೋಣ.

ನೋಡುವುದೆಂದರೆ ಕೇಳುವುದು. ಮಗುವನ್ನು ನೇರವಾಗಿ ಕೇಳಿದರೆ ಉತ್ತರ ಸಿಗುವುದು ಕಷ್ಟ. “ಏನ್ ತರ್ಲವ್ವ?” ಎಂದರೆ “ಏನೂ ಬ್ಯಾಡ ಕಣ್ ಮಾವ” ಎಂದೇ ಹೇಳುತ್ತಾಳೆ. ಅದು ಸಂಕೋಚ. ಹೀಗೆ ಕೇಳಿ ನೋಡಿ: “ಜೂನ್ ಒಂದನೇ ತಾರೀಕು ಬೆಳಿಗ್ಗೆ ಎಲ್ಲಿಗೆ ಹೋಗ್ತೀಯ? ಯಾವ ಬಸ್ಸು? ಮಧ್ಯಾಹ್ನಕ್ಕೆ ಏನು ಊಟ? ಯಾವ ಪುಸ್ತಕ ಇನ್ನೂ ಬಂದಿಲ್ಲ?” ಆಗ ಬಾಯಿ ಬಿಡುತ್ತಾಳೆ. ನೀವು ಕೊಡಬೇಕಾದ್ದು ಅವಳ ಮಾತಿನಲ್ಲೇ ಬಂದುಹೋಗುತ್ತದೆ.

ಬಸ್ಸಿನ ವಿಷಯವನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಕಟ್ಟೆಮಳಲವಾಡಿಯಿಂದ ಹುಣಸೂರಿಗೋ ಮೈಸೂರಿಗೋ ಓದಲು ಹೋಗುವ ಹುಡುಗಿಗೆ ಪಾಸಿನ ದುಡ್ಡು ಕೊಡುವ ಅಗತ್ಯವಿಲ್ಲ. ಹುಡುಗನಿಗೆ ಇದೆ. ಅಣ್ಣ ತಂಗಿ ಇಬ್ಬರಿಗೂ ಒಂದೇ ಉಡುಗೊರೆ ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಬಸ್ ನಿಲ್ದಾಣಕ್ಕೆ ದೂರವಿರುವ ಊರಾದರೆ ಸೈಕಲ್ ಈಗಲೂ ದೊಡ್ಡ ಉಡುಗೊರೆಯೇ. 2006–07ರಲ್ಲಿ ಶುರುವಾದ ಎಂಟನೇ ತರಗತಿಯ ಉಚಿತ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಈಗ ಹತ್ತು ಮುಗಿಸುತ್ತಿರುವ ಮಕ್ಕಳು ಆ ಸೈಕಲ್ ಕಾಣದವರು. ಹೊಸದೇ ಆಗಬೇಕೆಂದಿಲ್ಲ, ಅಣ್ಣಂದಿರು ಬಿಟ್ಟುಹೋದ ಸೈಕಲ್‌ಗೆ ಎರಡು ಟಯರು, ಬ್ರೇಕು, ಹಿಂದೊಂದು ಕ್ಯಾರಿಯರು ಹಾಕಿಸಿ ಕೊಟ್ಟರೂ ನಡೆಯುತ್ತದೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೇಲಿನ ಉಡುಗೊರೆ ಒಂದು ಫೈಲು. ಒಳಗೆ ಪ್ಲಾಸ್ಟಿಕ್ ಹಾಳೆಗಳಿರುವ, ಗುಂಡಿ ಹಾಕಿ ಮುಚ್ಚುವ, ಮಳೆಗೆ ನೆನೆಯದ ಫೈಲು. ಬರೀ ಫೈಲು ಕೊಟ್ಟರೆ ಸಾಲದು, ತುಂಬಿಸಿ ಕೊಡಬೇಕು. ಮೊದಲ ಹಾಳೆಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಮುಂದೆ ಹುಟ್ಟಿದ ದಿನಾಂಕಕ್ಕೆ ಎಲ್ಲರೂ ಕೇಳುವುದು ಇದನ್ನೇ. ಆಮೇಲೆ ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ, ಜಾತಿ–ಆದಾಯ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿಯ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಒಂದೊಂದಕ್ಕೂ ನಾಲ್ಕೈದು ಜೆರಾಕ್ಸ್. ಚಿಕ್ಕ ಕವರಿನಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊಗಳು. ಮುಚ್ಚಳದ ಒಳಬದಿಗೆ ಅಂಟಿಸಿದ ಚೀಟಿಯಲ್ಲಿ ಪ್ರಮಾಣಪತ್ರದ ಆರ್‌ಡಿ ನಂಬರು, ಖಾತೆ ಸಂಖ್ಯೆ, ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರು.

ಇದೇನು ದೊಡ್ಡ ಉಡುಗೊರೆ ಎನ್ನಬೇಡಿ. ಎಷ್ಟೋ ಮಕ್ಕಳ ವಿದ್ಯಾರ್ಥಿವೇತನ ನಿಂತಿರುವುದು ಅರ್ಹತೆ ಇಲ್ಲದ್ದಕ್ಕಲ್ಲ, ಕಾಗದ ಸರಿಯಿಲ್ಲದ್ದಕ್ಕೆ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಹಿಂದೆ, ಆಧಾರ್‌ನಲ್ಲಿ ಮುಂದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಐದನೇ ತರಗತಿಯಲ್ಲಿ ಮಾಡಿಸಿದ್ದು ಹತ್ತರ ಹೊತ್ತಿಗೆ ಮುಗಿದುಹೋಗಿರುತ್ತದೆ. 15 ತುಂಬಿದ ಮಕ್ಕಳು ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಲೇಬೇಕು, ಅದನ್ನು ಯಾರೂ ನೆನಪಿಸುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಖಾತೆಗೆ ಬೀಳುವುದಿಲ್ಲ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ವಿದ್ಯಾನಿಧಿ ಯೋಜನೆಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ ₹2,500, ಹುಡುಗಿಯರಿಗೆ ₹3,000 ಎಂದು ನಿಗದಿಯಾಯಿತು. 2013–14ರ ವಿದ್ಯಾಸಿರಿಯಲ್ಲಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ, ವಸತಿಗೆಂದು ತಿಂಗಳಿಗೆ ₹1,500ರಂತೆ ಹತ್ತು ತಿಂಗಳ ನೆರವು ನಿಗದಿಯಾಗಿತ್ತು. ಇಂಥ ಹಣ ಕೈಸೇರುವುದೂ ಸೇರದಿರುವುದೂ ಈ ಫೈಲಿನ ಮೇಲೆ ನಿಂತಿದೆ.

ಆದ್ದರಿಂದ ಪಟ್ಟಣದಲ್ಲಿ ನೌಕರಿಯಲ್ಲಿರುವ ಚಿಕ್ಕಪ್ಪನೋ ಅಕ್ಕನೋ ಕೊಡಬಹುದಾದ ಒಳ್ಳೆಯ ಉಡುಗೊರೆ ಒಂದು ದಿನದ ರಜೆ. ರಜೆ ಹಾಕಿ ಊರಿಗೆ ಬಂದು, ಮಗುವನ್ನು ಕರೆದುಕೊಂಡು ನಾಡಕಚೇರಿಗೂ ಬ್ಯಾಂಕಿಗೂ ಆಧಾರ್ ಕೇಂದ್ರಕ್ಕೂ ಹೋಗಿ ಬನ್ನಿ. ಕೌಂಟರಿನ ಮುಂದೆ ಹೇಗೆ ಮಾತಾಡಬೇಕು, ಅರ್ಜಿಯಲ್ಲಿ ಯಾವ ಕಾಲಂ ಬಿಡಬಾರದು, ಸ್ವೀಕೃತಿ ಚೀಟಿ ಯಾಕೆ ಕೇಳಿ ಪಡೆಯಬೇಕು ಎಂಬುದನ್ನು ಅವಳೇ ಮಾಡಿ ಕಲಿಯಲಿ. ಹೊಲದ ಕೆಲಸ ಬಿಟ್ಟು ಎರಡು ದಿನ ಅಲೆಯಲು ಅಪ್ಪನಿಗೆ ಆ ತಿಂಗಳಲ್ಲಿ ಆಗುವುದಿಲ್ಲ.

ಹೆಣ್ಣುಮಗುವಾದರೆ ಮನೆಯ ಟ್ರಂಕಿನಲ್ಲಿ ಹುಡುಕಬೇಕಾದ ಕಾಗದ ಇನ್ನೆರಡಿವೆ. 2015ರಲ್ಲಿ ಶುರುವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಅಂಚೆ ಕಚೇರಿಯಲ್ಲಿ ತಂದೆಯೋ ತಾಯಿಯೋ ತೆರೆದಿದ್ದರೆ, ಹತ್ತನೇ ತರಗತಿ ಪಾಸಾದ ಮೇಲೆ ಮುಂದಿನ ಓದಿಗೆಂದು ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ತೆಗೆಯಲು ಅವಕಾಶವಿದೆ. ಮದುವೆಗೆಂದೇ ಆ ಖಾತೆ ಎಂದು ತಿಳಿದ ಮನೆಗಳು ಬಹಳ. ಇನ್ನೊಂದು ಭಾಗ್ಯಲಕ್ಷ್ಮಿ ಬಾಂಡು. ಬಡತನ ರೇಖೆಯ ಕೆಳಗಿನ ಕುಟುಂಬಗಳಲ್ಲಿ 2006ರ ಮಾರ್ಚ್ 31ರ ನಂತರ ಹುಟ್ಟಿದ ಹೆಣ್ಣುಮಕ್ಕಳಿಗಾಗಿ ಬಂದ ಈ ಯೋಜನೆಯ ಹಣ ಕೈಸೇರುವುದು 18 ತುಂಬಿದ ಮೇಲೆ. ಅಲ್ಲಿಯವರೆಗೆ ಮದುವೆ ಆಗಿರಕೂಡದು. ಎರಡನೇ ಪಿಯುಸಿ ಮುಗಿಸುವ ಹೊತ್ತಿಗೆ ಸರಿಯಾಗಿ ಸಿಗುವ ಹಣ ಅದು. ಹುಡುಗಿಗೆ ಓಲೆ ಮಾಡಿಸಬೇಕೆಂದಿರುವ ಅತ್ತೆ, ದೊಡ್ಡಮ್ಮಂದಿರು ಆ ಬಾಂಡು ಎಲ್ಲಿದೆ ಎಂದು ಕೇಳಿ ಹುಡುಕಿಸಿ, ಹೆಸರು ತಪ್ಪಿದ್ದರೆ ತಿದ್ದಿಸಲು ಅಂಗನವಾಡಿಗೆ ಹೋಗಿ ಬಂದರೆ ಓಲೆಗಿಂತ ಹೆಚ್ಚಿನದನ್ನೇ ಕೊಟ್ಟಂತೆ.

ಓದುವ ಮಗುವನ್ನು ದಡ ಸೇರಿಸುವ ಇಂಥ ಕೆಲಸಗಳು ಮೈಸೂರು ಸೀಮೆಗೆ ಹೊಸವಲ್ಲ. ವಾರಕ್ಕೆ ಏಳು ಮನೆಗಳಲ್ಲಿ ಸರದಿಯಂತೆ ಉಂಡು ಓದಿದ ವಾರಾನ್ನದ ಹುಡುಗರು ಇಲ್ಲಿ ಎಷ್ಟೋ ಜನ. ಅದರಲ್ಲಿ ಅವಮಾನಗಳೂ ಇದ್ದವು, ಜಾತಿಯ ಗೋಡೆಯೂ ಇತ್ತು. ಎಲ್ಲರಿಗೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಕಟ್ಟಿ ಬಡ ವಿದ್ಯಾರ್ಥಿಗಳಿಗೆ ಅನ್ನ, ವಸತಿ ಕೊಟ್ಟರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಓದಿದ್ದು ಮಹಾರಾಜರು ಸ್ಥಾಪಿಸಿದ ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1972ರಲ್ಲಿ ಮುಖ್ಯಮಂತ್ರಿಯಾದವರು ಅದೇ ವರ್ಷ ಹಾವನೂರು ಆಯೋಗ ರಚಿಸಿದರು. 1975ರಲ್ಲಿ ಅದರ ವರದಿ ಬಂತು. ಹಿಂದುಳಿದ ವರ್ಗದ ಮಕ್ಕಳ ಹಾಸ್ಟೆಲ್, ವಿದ್ಯಾರ್ಥಿವೇತನಗಳ ಮಾತು ಬಂದಾಗ ಹುಣಸೂರಿನವರು ಅರಸು ಹೆಸರನ್ನು ಮನೆಯವರ ಹೆಸರಿನಂತೆ ಹೇಳುವುದಕ್ಕೆ ಕಾರಣವಿದೆ. ಪಟ್ಟಣದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೂ ಅವರದೇ ಹೆಸರು.

ಆದರೆ ಹಾಸ್ಟೆಲ್ ಸೀಟಿನ ಆಯ್ಕೆಪಟ್ಟಿ ಬರುವುದು ತರಗತಿ ಶುರುವಾದ ಮೇಲೆ. ಮೈಸೂರಿನ ಕಾಲೇಜು ಸೇರಿದ ಮಗು ಆ ಪಟ್ಟಿಗಾಗಿ ಕಾಯುತ್ತ ದಿನಾ ಬಸ್ಸಿನಲ್ಲಿ ಓಡಾಡಿ ಬಳಲುವುದುಂಟು, ಅಥವಾ ಯಾರದೋ ರೂಮಿನಲ್ಲಿ ಮುದುರಿಕೊಂಡು ಮಲಗುವುದುಂಟು. ಮೈಸೂರಿನಲ್ಲಿ ಮನೆಯಿರುವ ಬಂಧುಗಳು ಆ ಒಂದೂವರೆ ಎರಡು ತಿಂಗಳು ತಮ್ಮ ಮನೆಯಲ್ಲಿ ಇಟ್ಟುಕೊಂಡರೆ, ಆಗದಿದ್ದರೆ ಮೆಸ್ಸಿನ ದುಡ್ಡು ಕಟ್ಟಿದರೆ, ಅದಕ್ಕಿಂತ ಹೊತ್ತಿಗೊದಗುವ ಸಹಾಯ ಬೇರೆ ಇಲ್ಲ. ಸೀಟು ಸಿಕ್ಕ ದಿನ ಟ್ರಂಕು, ಬೀಗ, ಬಕೆಟ್ಟು, ಚಾಪೆ, ಹೊದಿಕೆ ಕೊಡಿಸಿ ಕಳಿಸಿ.

ಹೊಗೆಸೊಪ್ಪಿನ ಊರುಗಳಿಗೆ ಮಾತ್ರ ಅನ್ವಯಿಸುವ ಒಂದು ಉಡುಗೊರೆಯಿದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಎಲೆ ಮುರಿಯುವ, ಕಡ್ಡಿಗೆ ಸೊಪ್ಪು ಕಟ್ಟುವ, ಬ್ಯಾರನ್ ತುಂಬುವ ಕೆಲಸ ಒಟ್ಟಿಗೇ ಬೀಳುತ್ತದೆ. ಸೊಪ್ಪು ಕಾಯುವುದಿಲ್ಲ, ಆಳು ಸಿಗುವುದಿಲ್ಲ. ಬೆಂಕಿ ಹಾಕಿದ ಬ್ಯಾರನ್ನಿಗೆ ರಾತ್ರಿಯೆಲ್ಲ ಯಾರಾದರೂ ಎಚ್ಚರವಿರಬೇಕು. ಮನೆಯ ಹುಡುಗ ಕಾಲೇಜು ತಪ್ಪಿಸಿ ಕಡ್ಡಿ ಕಟ್ಟಲು ಕೂರುತ್ತಾನೆ, ಹಸಿ ಸೊಪ್ಪಿನ ರಸ ಕೈಗೆ ಹತ್ತಿ ತಲೆಸುತ್ತು ಬರಿಸಿಕೊಳ್ಳುತ್ತಾನೆ. ಮೊದಲ ಪಿಯು ವಿಜ್ಞಾನದಲ್ಲಿ ಆ ಎರಡು ತಿಂಗಳ ಪಾಠ ತಪ್ಪಿದರೆ ವರ್ಷವಿಡೀ ಕೊಂಡಿ ಸಿಗುವುದಿಲ್ಲ. ಒಬ್ಬ ಆಳಿನ ಕೂಲಿಯನ್ನು ಅಷ್ಟು ದಿನಕ್ಕೆ ನಾನು ಕೊಡುತ್ತೇನೆ, ಹುಡುಗನನ್ನು ಕಾಲೇಜಿಗೆ ಬಿಡು ಎಂದು ಅಣ್ಣನಿಗೆ ಹೇಳುವ ತಮ್ಮ ಬೇಕು. ಅಂಗಡಿಯಲ್ಲಿ ಸಿಗದ ಉಡುಗೊರೆ ಇದು, ಆ ಹುಡುಗನಿಗೆ ಎರಡು ತಿಂಗಳ ಪಾಠ ಉಳಿಸಿಕೊಡುತ್ತದೆ.

ಕೂತು ಓದಲು ಜಾಗವೂ ಬೇಕು. ಹುಣಸೂರು ಮರಗೆಲಸಕ್ಕೆ ಹಳೆಯ ಹೆಸರು, ಬ್ರಿಟಿಷರ ಸೇನೆಗೆ ಇಲ್ಲಿಂದ ಬಂಡಿಗಳು ಹೋಗುತ್ತಿದ್ದವು. ಇಲ್ಲಿನ ಬಡಗಿಗಳ ಹತ್ತಿರ ಒಂದು ಸಾದಾ ಮೇಜು ಮಾಡಿಸಿ. ಎತ್ತರ ಎರಡೂವರೆ ಅಡಿ, ಕಾಲು ಅಲ್ಲಾಡಬಾರದು, ಬೀಗವಿರುವ ಒಂದು ಡ್ರಾಯರು ಇರಲಿ. ಕೂಡು ಕುಟುಂಬದಲ್ಲಿ ಆ ಬೀಗದ ಬೆಲೆ ಓದುವ ಮಗುವಿಗೆ ಗೊತ್ತು. ತಮ್ಮ ತಂಗಿಯರು ಪುಸ್ತಕ ಹರಿಯುವುದಿಲ್ಲ, ನೋಟ್ಸು ಒಲೆಯ ಹತ್ತಿರ ಹೋಗುವುದಿಲ್ಲ. ಮೇಲೆ ಚಾರ್ಜು ಮಾಡುವ ಒಂದು ದೀಪ. ಸಂಜೆ ಕರೆಂಟು ಹೋದಾಗ ಓದು ನಿಲ್ಲಬಾರದು.

ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿ ವಿಜ್ಞಾನಕ್ಕೆ ಸೇರುವ ಮಕ್ಕಳ ಕಷ್ಟವನ್ನು ಹತ್ತಿರದಿಂದ ನೋಡಿದವರಿಗೆ ನಿಘಂಟು ಯಾಕೆ ಬೇಕೆಂದು ವಿವರಿಸಬೇಕಿಲ್ಲ. ದ್ಯುತಿಸಂಶ್ಲೇಷಣೆ ಎಂದು ಓದಿ ತೊಂಬತ್ತು ತೆಗೆದವಳು ‘ಫೋಟೊಸಿಂಥೆಸಿಸ್’ ಎಂಬ ಮಾತಿನ ಮುಂದೆ ಮೂಕಿಯಾಗಿ ಕೂರುತ್ತಾಳೆ. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಮನೆಯಲ್ಲಿದ್ದರೆ ಮೂರು ಮಕ್ಕಳು ಓದಿ ಮುಗಿಸುವವರೆಗೂ ಕೆಲಸಕ್ಕೆ ಬರುತ್ತದೆ. ಅದರ ಜೊತೆ, ಅದೇ ಕಷ್ಟ ದಾಟಿ ಎರಡನೇ ಪಿಯು ಮುಗಿಸಿದ ಊರಿನ ಅಕ್ಕನೊಬ್ಬಳು ಮೇ ತಿಂಗಳ ರಜೆಯಲ್ಲಿ ದಿನಾ ಒಂದು ಗಂಟೆ ಕೂರಿಸಿಕೊಂಡು ಈ ಪದಗಳ ಪರಿಚಯ ಮಾಡಿಕೊಟ್ಟರೆ ಅರ್ಧ ಭಯ ಹೋಗುತ್ತದೆ. ಪಠ್ಯಪುಸ್ತಕದ ವಿಷಯದಲ್ಲಿ ಒಂದು ಸಮಾಧಾನ: ಎನ್‌ಸಿಇಆರ್‌ಟಿ ಪುಸ್ತಕಗಳು ಜಾಲದಲ್ಲಿ ಉಚಿತವಾಗಿವೆ. ಆದರೂ ಗಣಿತವನ್ನು ಮೊಬೈಲ್ ಪರದೆಯಲ್ಲಿ ಓದಲಾಗದು, ಅಚ್ಚಿನ ಪುಸ್ತಕವೇ ಕೊಡಿಸಿ.

ಡಿಪ್ಲೊಮಾ ಸೇರುವವನಿಗೆ ಡ್ರಾಯಿಂಗ್ ಸಾಮಾನು, ಸೈಂಟಿಫಿಕ್ ಕ್ಯಾಲ್ಕುಲೇಟರು. ಐಟಿಐ ಫಿಟ್ಟರ್ ಸೇರಿದವನಿಗೆ ಒಳ್ಳೆಯ ಶೂ ಮತ್ತು ಕೆಲಸದ ಬಟ್ಟೆ. ಲ್ಯಾಪ್‌ಟಾಪ್‌ಗೆ ಈಗಲೇ ಅವಸರವಿಲ್ಲ, ಡಿಗ್ರಿಯ ಹೊತ್ತಿಗೆ ನೋಡೋಣ.

ಇಷ್ಟಕ್ಕೆಲ್ಲ ದುಡ್ಡೆಲ್ಲಿ ಎಂದರೆ, ನಮ್ಮ ಕಡೆ ಮದುವೆಗೆ ಮುಯ್ಯಿ ಹಾಕುವ ಪದ್ಧತಿಯಿದೆ. ಚಪ್ಪರದಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಯಾರು ಎಷ್ಟು ಎಂದು ಬರೆಯುತ್ತಾರೆ. ಅವರ ಮನೆಯ ಕಾರ್ಯಕ್ಕೆ ನಾವು ತೀರಿಸುತ್ತೇವೆ. ಬಡವರ ಮದುವೆಗಳು ಸಾಲದಲ್ಲಿ ಪೂರ್ತಿ ಮುಳುಗದೆ ನಡೆದದ್ದರಲ್ಲಿ ಈ ಪುಸ್ತಕದ ಪಾಲೂ ಇದೆ. ಅದೇ ಮುಯ್ಯಿಯನ್ನು ಓದಿಗೂ ಯಾಕೆ ಹಾಕಬಾರದು? ಮೇ ತಿಂಗಳಲ್ಲಿ ಒಂದು ಸಂಜೆ ಬಂಧುಗಳು, ಅಕ್ಕಪಕ್ಕದವರು ಸೇರಿ ತಮ್ಮ ಕೈಲಾದ್ದನ್ನು ಬರೆಸಲಿ. ಬೇರೆ ಬೇರೆಯಾಗಿ ತಂದ ಹತ್ತು ಗೋಡೆ ಗಡಿಯಾರಗಳ ಬದಲು ಒಟ್ಟು ಮೊತ್ತದಲ್ಲಿ ಆ ವರ್ಷದ ಶುಲ್ಕವೋ ಮೆಸ್ಸಿನ ಬಾಬ್ತೋ ತೀರುತ್ತದೆ. ಮುಂದಿನ ವರ್ಷ ಅವರ ಮಕ್ಕಳು ಪಾಸಾದಾಗ ಈ ಮನೆಯವರು ಹಾಕುತ್ತಾರೆ. ಹರಾಜಿನ ದುಡ್ಡು ಬರುವವರೆಗೆ ಬಡ್ಡಿಗೆ ಕೈಯೊಡ್ಡುವುದು ತಪ್ಪುತ್ತದೆ.

ಎಚ್.ಡಿ. ಕೋಟೆಯ, ನಾಗರಹೊಳೆ ಅಂಚಿನ ಹಾಡಿಗಳಲ್ಲಿ ಮುಯ್ಯಿ ಹಾಕುವಷ್ಟು ಕೈಗಳಿಲ್ಲ. ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲ ಬುಡಕಟ್ಟೆಂದು ಗುರುತಿಸಿದ ಜೇನುಕುರುಬರ ಮನೆಯಲ್ಲಿ ಹತ್ತು ಪಾಸಾದ ಮಗು ಎಷ್ಟೋ ಸಲ ಆ ಮನೆಯ ಮೊದಲ ಅಂಕಪಟ್ಟಿ ತಂದ ಮಗು. ಆಶ್ರಮ ಶಾಲೆಯಲ್ಲೋ, ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಗಿರಿಜನ ಮಕ್ಕಳ ಶಾಲೆಯಲ್ಲೋ ತನ್ನವರ ನಡುವೆ ಬೆಳೆದ ಹುಡುಗಿಗೆ ಪಟ್ಟಣದ ಹಾಸ್ಟೆಲಿನ ಮೊದಲ ತಿಂಗಳು ತಡೆಯಲಾರದ್ದು. ಓದು ಬಿಟ್ಟು ಹಾಡಿಗೆ ಹಿಂದಿರುಗುವುದು ಆಗಲೇ. ಅವಳಿಗೆ ಕೊಡಬೇಕಾದ್ದು ವಾರಕ್ಕೊಮ್ಮೆ ಹೋಗಿ ಮಾತಾಡಿಸಿ ಬರುವ ಒಬ್ಬರನ್ನು. ಅವಳಿಗೆ ಪಾಠ ಹೇಳಿದ ಮೇಷ್ಟ್ರಾಗಲಿ, ಅದೇ ಪಟ್ಟಣದಲ್ಲಿರುವ ಹಿರಿಯ ವಿದ್ಯಾರ್ಥಿನಿಯಾಗಲಿ. ಭಾನುವಾರ ಅಮ್ಮನ ಹತ್ತಿರ ಮಾತಾಡಲು ಹಾಡಿಯಲ್ಲಿ ಯಾರ ಫೋನಿಗೆ ಸಿಗ್ನಲ್ ಸಿಗುತ್ತದೆಂದು ವಿಚಾರಿಸಿ ಆ ನಂಬರು ಬರೆದುಕೊಟ್ಟರೂ ಸರಿ.

ಪಾಸಾಗದ ಮಕ್ಕಳ ಮಾತು ಉಳಿಯಿತು. ಅವರ ಮನೆಗೆ ಆ ವಾರ ಯಾರೂ ಹೋಗುವುದಿಲ್ಲ. 2023–24ನೇ ಸಾಲಿನಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಎರಡನೆಯದರಲ್ಲಿ ಪಾಸಾದರೂ ಅದೇ ವರ್ಷ ಕಾಲೇಜು ಸೇರಲು ದಾರಿಯಿದೆ. ಆದರೆ ಎರಡನೇ ಪರೀಕ್ಷೆಗೆ ಹೆಸರು ನೋಂದಾಯಿಸಲು ಫಲಿತಾಂಶದ ಬೆನ್ನಿಗೇ ಕೆಲವೇ ದಿನಗಳ ಗಡುವು. ಬೈಗುಳ, ಅಳು, ನಾಚಿಕೆಯಲ್ಲಿ ಆ ದಿನಗಳು ಕಳೆದುಹೋಗುತ್ತವೆ. ನಿಮ್ಮ ಅಣ್ಣನ ಮಗನೋ ಪಕ್ಕದ ಮನೆಯ ಹುಡುಗಿಯೋ ಗಣಿತದಲ್ಲೋ ಇಂಗ್ಲಿಷಿನಲ್ಲೋ ಬಿದ್ದಿದ್ದರೆ ಫಲಿತಾಂಶ ಬಂದ ಮಾರನೇ ದಿನ ಹೋಗಿ, ಕೂರಿಸಿಕೊಂಡು ಊಟ ಮಾಡಿಸಿ, ಶಾಲೆಗೆ ಕರೆದೊಯ್ದು ಹೆಸರು ಬರೆಸಿ. ಮುಖ್ಯೋಪಾಧ್ಯಾಯರನ್ನು ಕಂಡು, ಪರೀಕ್ಷೆಯವರೆಗೆ ವಿಶೇಷ ತರಗತಿ ಎಷ್ಟು ಗಂಟೆಗೆ ಎಂದು ಕೇಳಿಕೊಂಡು ಬನ್ನಿ.